ಅನುಮಾನ ಬಂದಾಗ ಬೆಳಕು ಜಾಸ್ತಿಯೋ, ಕಮ್ಮಿಯೋ?

ಮೀಟರ್ ಏನೋ ಹೇಳ್ತಿದೆ, ನಮಗೆ ನಂಬಿಕೆ ಬರ್ತಿಲ್ಲ, ಇರೋದು ಒಂದೇ ಅವಕಾಶ. ಆಗ ಬೆಳಕು ಒಂಚೂರು ಹೆಚ್ಚು ಬಿಡಬೇಕಾ, ಕಮ್ಮಿ ಬಿಡಬೇಕಾ? ಫಿಲ್ಮ್ ಕಾಲದವರು ಹೆಚ್ಚು ಬಿಡು ಅಂತಾರೆ, ಡಿಜಿಟಲ್ ಕಾಲದವರು ಕಮ್ಮಿ ಮಾಡು ಅಂತಾರೆ. ತಮಾಷೆ ಅಂದ್ರೆ ಇಬ್ಬರ ಮಾತೂ ಸರಿ. ಯಾಕೆ ಅಂತ ಗೊತ್ತಾಗೋಕೆ ಸ್ವಲ್ಪ ಹಿಂದಕ್ಕೆ ಹೋಗ್ಬೇಕು.

1890ರಲ್ಲಿ ಇಂಗ್ಲೆಂಡಿನಲ್ಲಿ ಹರ್ಟರ್ ಮತ್ತು ಡ್ರಿಫೀಲ್ಡ್ ಅನ್ನೋ ಇಬ್ಬರು ಒಂದು ಲೇಖನ ಪ್ರಕಟಿಸಿದರು. ಇಬ್ಬರಿಗೂ ಕೆಲಸ ರಾಸಾಯನಿಕ ಕಾರ್ಖಾನೆಯಲ್ಲಿ, ಫೋಟೋಗ್ರಫಿ ಹವ್ಯಾಸ. ಬೆಳಕು ಎಷ್ಟು ಬಿದ್ದರೆ ನೆಗೆಟಿವ್ ಎಷ್ಟು ಕಪ್ಪಾಗುತ್ತೆ ಅಂತ ಅಳೆದು ಗ್ರಾಫ್ ಬಿಡಿಸಿದರು. ಆ ಗೆರೆ ಕೆಳಗಡೆ ಚಪ್ಪಟೆ, ಆಮೇಲೆ ಉದ್ದಕ್ಕೆ ಏರು. ಅಂದ್ರೆ, ನೆರಳಿನ ಭಾಗಕ್ಕೆ ಬೆಳಕು ಸಾಲದಿದ್ದರೆ ನೆಗೆಟಿವ್‌ನಲ್ಲಿ ಅಲ್ಲಿ ಏನೂ ಮೂಡೋದೇ ಇಲ್ಲ. ಸ್ವಲ್ಪ ಹೆಚ್ಚಾದರೆ ಮಾತ್ರ ಪ್ರಿಂಟ್ ಹಾಕುವಾಗ ಸರಿ ಮಾಡಬಹುದು.

ಇದಕ್ಕೆ ಒಳ್ಳೆ ಉದಾಹರಣೆ ಆನ್ಸೆಲ್ ಆಡಮ್ಸ್ 1941ರಲ್ಲಿ ನ್ಯೂ ಮೆಕ್ಸಿಕೋದ ಹರ್ನಾಂಡೆಜ್ ಎಂಬ ಹಳ್ಳಿಯಲ್ಲಿ ತೆಗೆದ ಚಂದ್ರೋದಯದ ಚಿತ್ರ. ಸೂರ್ಯ ಮುಳುಗ್ತಿದ್ದ, ಮೀಟರ್ ಕೈಗೆ ಸಿಗಲಿಲ್ಲ. ಚಂದ್ರನ ಪ್ರಕಾಶ ಎಷ್ಟು ಅನ್ನೋದು ಬಾಯಿಪಾಠ ಇತ್ತು, ಆ ಲೆಕ್ಕದಲ್ಲೇ ಕ್ಲಿಕ್ಕಿಸಿದರು. ಎರಡನೇದು ತೆಗೆಯೋಷ್ಟರಲ್ಲಿ ಬೆಳಕು ಹೋಗಿತ್ತು. ಚಂದ್ರ ಉಳಿದ, ಆದ್ರೆ ಮುಂಭಾಗ ತೆಳುವಾಗಿ ಬಂತು. ಅದನ್ನ ಗಟ್ಟಿ ಮಾಡೋಕೆ 1948ರಲ್ಲಿ ನೆಗೆಟಿವ್‌ನ ಕೆಳಭಾಗಕ್ಕೆ ಮತ್ತೆ ರಾಸಾಯನಿಕ ಚಿಕಿತ್ಸೆ ಕೊಡಬೇಕಾಯಿತು.

ಈ ಭಯ ಅಮೆರಿಕದ ಫಿಲ್ಮ್ ಮಾನಕದೊಳಗೇ ಸೇರಿಕೊಂಡಿತ್ತು. ಎಂಜಿನಿಯರಿಂಗ್‌ನಲ್ಲಿ ನಾವೆಲ್ಲ ಓದಿದ 'ಫ್ಯಾಕ್ಟರ್ ಆಫ್ ಸೇಫ್ಟಿ' ನೆನಪಿದೆಯಾ? ಹಳೇ ಎಎಸ್ಎ ಅಂಕಿಗಳಲ್ಲಿ ಸುಮಾರು 2.5 ಪಟ್ಟು ಸುರಕ್ಷತೆ ಸೇರಿಸಿದ್ದರು. ಜನ ತಮಗರಿವಿಲ್ಲದೇ ಬೆಳಕು ಹೆಚ್ಚೇ ಬಿಡ್ತಿದ್ದರು! ಬೆಳಕು ಹೆಚ್ಚಾದಷ್ಟೂ ನೆಗೆಟಿವ್ ದಪ್ಪವಾಗಿ ಚಿತ್ರ ತರಿತರಿಯಾಗುತ್ತೆ. ಮೀಟರ್‌ಗಳೂ ಸುಧಾರಿಸಿದ್ದವು. 1960ರಲ್ಲಿ ಮಾನಕ ಬದಲಾಗಿ, 200 ಇದ್ದ ಟ್ರೈ-ಎಕ್ಸ್ 400 ಆಯಿತು. ಫಿಲ್ಮ್ ಅದೇ, ಕಮ್ಮಿಯಾಗಿದ್ದು ಭಯ :-)

ಸ್ಲೈಡ್ ಫಿಲ್ಮ್ ಕತೆ ಉಲ್ಟಾ. ಅಲ್ಲಿ ಬೆಳಕು ಹೆಚ್ಚಾದ ಕಡೆ ಬಣ್ಣವೆಲ್ಲ ಹೋಗಿ ಬರೀ ಪಾರದರ್ಶಕ ಫಿಲ್ಮ್ ಉಳಿಯುತ್ತೆ. ಅದಕ್ಕೇ ಕೊಡಕ್ರೋಮ್ ಬಳಸೋರು ಒಂಚೂರು ಕಮ್ಮಿನೇ ಬಿಡ್ತಿದ್ದರು. ಡಿಜಿಟಲ್ ಸೆನ್ಸರ್ ಕೂಡ ಇದೇ ಜಾತಿ. ಬಕೆಟ್ ತುಂಬಿದ ಮೇಲೆ ಬಿದ್ದ ನೀರಿಗೆ ಲೆಕ್ಕ ಇಲ್ಲ. ಆದ್ರೆ ಕಮ್ಮಿ ಬಿಡೋದೂ ಪುಕ್ಕಟೆ ಅಲ್ಲ. 12 ಬಿಟ್ ರಾ ಫೈಲಿನ 4096 ಹಂತಗಳಲ್ಲಿ 2048 ಇರೋದು ಅತಿ ಬೆಳಕಿನ ಒಂದೇ ಸ್ಟಾಪ್‌ನಲ್ಲಿ. ನೆರಳನ್ನ ಆಮೇಲೆ ಎತ್ತಿದರೆ ಜೊತೆಗೆ ನಾಯ್ಸ್ ಕೂಡ ಏಳುತ್ತೆ. ಹಾಗಾಗಿ 2003ರಲ್ಲಿ ಮೈಕೆಲ್ ರೈಕ್‌ಮನ್ ಹೇಳಿದ್ದು, ಹಿಸ್ಟೋಗ್ರಾಮ್ ಬಲಗಡೆಗೆ ತಳ್ಳಿ, ಆದ್ರೆ ಅಂಚು ದಾಟಿಸಬೇಡಿ ಅಂತ.

ನನಗೆ ತಿಳಿದಷ್ಟು ಇಷ್ಟೇ: ಅನುಮಾನ ಬಂದಾಗ ಹೆಚ್ಚೋ ಕಮ್ಮಿಯೋ ಅಂತ ಕೇಳೋದಕ್ಕಿಂತ ಯಾವುದು ಕಳೆದರೆ ವಾಪಸ್ ಬರಲ್ಲ ಅಂತ ಕೇಳ್ಕೋಬೇಕು. ನೆಗೆಟಿವ್‌ನಲ್ಲಿ ಅದು ನೆರಳು, ಸೆನ್ಸರ್‌ನಲ್ಲಿ ಬೆಳಕು. ಇನ್ನೂ ಫಿಲ್ಮ್ ಹಾಕೋರು ಯಾರಾದ್ರೂ ಇದ್ದೀರಾ? ನೀವು ಯಾವ ಕಡೆ ವಾಲ್ತೀರಿ, ಹೇಳಿ.