ಯುದ್ಧ ಆರಂಭವಾದದ್ದು ಯಾವ ದಿನ?

ಹತ್ತನೆಯ ತರಗತಿಯ ಯಾವುದೇ ವಿದ್ಯಾರ್ಥಿಯನ್ನು ನಿಲ್ಲಿಸಿ ಎರಡನೆಯ ಮಹಾಯುದ್ಧ ಯಾವಾಗ ಪ್ರಾರಂಭವಾಯಿತೆಂದು ಕೇಳಿ ನೋಡಿ. 1939 ಎಂಬ ಉತ್ತರ ತಡವಿಲ್ಲದೆ ಬರುತ್ತದೆ. ಚುರುಕಾದವರು ಸೆಪ್ಟೆಂಬರ್ 1 ಎಂಬ ದಿನಾಂಕವನ್ನೂ, ಅಂದು ಜರ್ಮನಿ ಪೋಲೆಂಡಿನ ಮೇಲೆ ದಾಳಿ ಮಾಡಿತೆಂಬುದನ್ನೂ ಸೇರಿಸಿ ಹೇಳುತ್ತಾರೆ. ಒಂದು ಅಂಕದ ಪ್ರಶ್ನೆ. ಉತ್ತರ ಸರಿ, ಅಂಕ ಖಾತ್ರಿ.

ಆದರೆ ಈ ಒಂದು ಅಂಕ ಎಲ್ಲ ದೇಶಗಳಲ್ಲೂ ಇಷ್ಟು ಸುಲಭವಾಗಿ ಸಿಗುವುದಿಲ್ಲ. ರಷ್ಯದ ಮಕ್ಕಳು ಎಲ್ಲಕ್ಕಿಂತ ಮುಖ್ಯವಾಗಿ ಕಲಿಯುವುದು ‘ಮಹಾ ದೇಶಭಕ್ತಿಯ ಯುದ್ಧ’ದ ಪಾಠ. ಅದು ಆರಂಭವಾಗುವುದು 1941ರ ಜೂನ್ 22ರಂದು, ಹಿಟ್ಲರನ ಸೈನ್ಯ ಸೋವಿಯತ್ ಗಡಿ ದಾಟಿದ ದಿನ. ಅಮೆರಿಕದ ಮಕ್ಕಳಿಗೆ ತಮ್ಮ ದೇಶದ ಯುದ್ಧ ಆರಂಭವಾಗುವುದು 1941ರ ಡಿಸೆಂಬರ್ 7ರಂದು, ಜಪಾನಿನ ವಿಮಾನಗಳು ಪರ್ಲ್ ಹಾರ್ಬರ್ ಮೇಲೆ ಬಾಂಬು ಸುರಿಸಿದಾಗ. ಚೀನದಲ್ಲಂತೂ ಉತ್ತರವೇ ಬದಲಾಗಿದೆ. ಬಹುಕಾಲ ಅಲ್ಲಿನ ಪಠ್ಯಪುಸ್ತಕಗಳು ಜಪಾನಿನ ವಿರುದ್ಧ ನಡೆದದ್ದನ್ನು ಎಂಟು ವರ್ಷಗಳ ಯುದ್ಧ ಎನ್ನುತ್ತಿದ್ದವು. ಲೆಕ್ಕ 1937ರ ಜುಲೈಯಿಂದ. 2017ರಲ್ಲಿ ಶಿಕ್ಷಣ ಸಚಿವಾಲಯ ಅದನ್ನು ‘ಹದಿನಾಲ್ಕು ವರ್ಷಗಳ ಯುದ್ಧ’ ಎಂದು ತಿದ್ದಬೇಕೆಂದು ಆದೇಶಿಸಿತು. ಜಪಾನಿನ ಸೇನೆ ಮಂಚೂರಿಯಕ್ಕೆ ನುಗ್ಗಿದ 1931ರ ಸೆಪ್ಟೆಂಬರ್ 18ರಿಂದಲೇ ಎಣಿಸಬೇಕೆಂಬುದು ಅದರ ತಾತ್ಪರ್ಯ. ಒಂದು ಸುತ್ತೋಲೆಯಿಂದ ಯುದ್ಧ ಆರು ವರ್ಷ ಉದ್ದವಾಯಿತು!

ಇವರಲ್ಲಿ ಯಾರು ಸುಳ್ಳು ಹೇಳಿದರು? ಯಾರೂ ಇಲ್ಲ. ಆ ದಿನಾಂಕಗಳಲ್ಲಿ ಆ ಘಟನೆಗಳು ನಡೆದದ್ದು ಅಕ್ಷರಶಃ ಸತ್ಯ. ಹಾಗಾದರೆ ತೊಂದರೆ ಎಲ್ಲಿದೆ? ಕಥೆಯನ್ನು ಎಲ್ಲಿಂದ ಆರಂಭಿಸುತ್ತೇವೆ ಎಂಬಲ್ಲಿದೆ. ಬೀದಿಯಲ್ಲಿ ಹೊಡೆದಾಡಿಕೊಂಡ ಇಬ್ಬರು ಹುಡುಗರನ್ನು ಮುಖ್ಯೋಪಾಧ್ಯಾಯರ ಮುಂದೆ ನಿಲ್ಲಿಸಿದರೆ, ಇಬ್ಬರೂ ‘ಮೊದಲು ಹೊಡೆದದ್ದು ಅವನೇ ಸಾರ್’ ಎನ್ನುತ್ತಾರಲ್ಲವೇ? ಪಠ್ಯಪುಸ್ತಕಗಳು ಮಾಡುವುದೂ ಇದನ್ನೇ. ಹುಡುಗರಿಗೆ ಒಂದು ವಾಕ್ಯ ಸಾಕು, ಪುಸ್ತಕಗಳಿಗೆ ಒಂದು ಅಧ್ಯಾಯ ಬೇಕು.

ರಷ್ಯದ ಉದಾಹರಣೆಯನ್ನೇ ತುಸು ವಿವರವಾಗಿ ನೋಡೋಣ. 1939ರ ಆಗಸ್ಟ್ 23ರಂದು ಸ್ಟಾಲಿನ್ ಮತ್ತು ಹಿಟ್ಲರರ ಸರ್ಕಾರಗಳು ಪರಸ್ಪರ ಯುದ್ಧ ಮಾಡುವುದಿಲ್ಲವೆಂಬ ಒಪ್ಪಂದಕ್ಕೆ ಸಹಿ ಹಾಕಿದವು. ಪೂರ್ವ ಯುರೋಪನ್ನು ತಮ್ಮ ತಮ್ಮ ಪ್ರಭಾವಕ್ಕೆ ಹಂಚಿಕೊಳ್ಳುವ ಒಂದು ರಹಸ್ಯ ಪತ್ರವೂ ಆ ಒಪ್ಪಂದದ ಜೊತೆಗಿತ್ತು. ಅದರಂತೆ ಸೆಪ್ಟೆಂಬರ್ 17ರಂದು ಸೋವಿಯತ್ ಸೇನೆ ಪೂರ್ವದಿಂದ ಪೋಲೆಂಡನ್ನು ಪ್ರವೇಶಿಸಿತು. 1940ರಲ್ಲಿ ಸುಮಾರು 22,000 ಪೋಲಿಷ್ ಸೇನಾಧಿಕಾರಿಗಳು, ಪೊಲೀಸರು ಮತ್ತಿತರ ಸೆರೆಯಾಳುಗಳನ್ನು ಕಾತಿನ್ ಕಾಡು ಮತ್ತು ಇತರೆಡೆಗಳಲ್ಲಿ ಗುಂಡಿಕ್ಕಿ ಕೊಲ್ಲಲಾಯಿತು. ರಹಸ್ಯ ಪತ್ರ ಇತ್ತೆಂಬುದನ್ನು ಸೋವಿಯತ್ ಒಕ್ಕೂಟ ಒಪ್ಪಿಕೊಂಡದ್ದು 1989ರಲ್ಲಿ. ಕಾತಿನ್ ಹತ್ಯೆಯ ಹೊಣೆಯನ್ನು ಒಪ್ಪಿಕೊಂಡದ್ದು 1990ರಲ್ಲಿ. ಅದುವರೆಗೆ ಆ ಕೊಲೆಗಳನ್ನು ನಾಜಿಗಳ ತಲೆಗೆ ಕಟ್ಟಲಾಗಿತ್ತು. ಈಗ ಯೋಚಿಸಿ: ಯುದ್ಧ 1941ರ ಜೂನ್‌ನಲ್ಲಿ ಆರಂಭವಾಯಿತು ಎಂದು ಪಾಠ ಶುರುಮಾಡಿದರೆ ಈ ಇಪ್ಪತ್ತೆರಡು ತಿಂಗಳುಗಳು ಎಲ್ಲಿಗೆ ಹೋದವು? ಯಾರೂ ಅವನ್ನು ಅಳಿಸಬೇಕಾಗಿಲ್ಲ. ಅವು ಅಧ್ಯಾಯದ ಹೊರಗೆ ಉಳಿದುಬಿಡುತ್ತವೆ.

ಹಾಗೆಂದು ರಷ್ಯನ್ನರ ದುಃಖ ನಾಟಕವೆಂದು ಭಾವಿಸಬೇಡಿ. ಆ ಯುದ್ಧದಲ್ಲಿ ಸತ್ತ ಸೋವಿಯತ್ ಪ್ರಜೆಗಳು ಸುಮಾರು 2.7 ಕೋಟಿ. ಹಿಟ್ಲರನ ಬೆನ್ನೆಲುಬು ಮುರಿದದ್ದು ಬಹುಮಟ್ಟಿಗೆ ಸ್ಟಾಲಿನ್‌ಗ್ರಾಡಿನಿಂದ ಬರ್ಲಿನ್ನಿನವರೆಗಿನ ಆ ರಣರಂಗದಲ್ಲೇ. ಪಶ್ಚಿಮದ ಪುಸ್ತಕಗಳಲ್ಲಿ ನಾರ್ಮಂಡಿಯ ಕಡಲತೀರಕ್ಕೆ ಸಿಗುವ ಪ್ರಾಶಸ್ತ್ಯ ಅದಕ್ಕೆ ಸಿಕ್ಕಿದ್ದು ಕಡಿಮೆ. ನಿಜವಾದ ದುಃಖದ ಮರೆಯಲ್ಲಿ ನಿಜವಾದ ಅಪರಾಧವೊಂದನ್ನು ಬಚ್ಚಿಡುವುದು ಸುಲಭ. ಸಮಸ್ಯೆ ಗಂಭೀರವಾಗುವುದು ಅಲ್ಲಿಯೇ. 2021ರಲ್ಲಿ ಬಂದ ಕಾನೂನೊಂದರ ಪ್ರಕಾರ ಆ ಯುದ್ಧದಲ್ಲಿ ಸೋವಿಯತ್ ಒಕ್ಕೂಟದ ಪಾತ್ರವನ್ನೂ ನಾಜಿ ಜರ್ಮನಿಯ ಪಾತ್ರವನ್ನೂ ಬಹಿರಂಗವಾಗಿ ಸಮೀಕರಿಸುವುದು ರಷ್ಯದಲ್ಲಿ ನಿಷಿದ್ಧ. 2023ರ ಸೆಪ್ಟೆಂಬರ್‌ನಲ್ಲಿ ಅಲ್ಲಿನ ಹಿರಿಯ ತರಗತಿಗಳಿಗೆ ಇಡೀ ದೇಶಕ್ಕೊಂದೇ ಇತಿಹಾಸ ಪುಸ್ತಕ ಬಂತು. ಆಗಿನ್ನೂ ನಡೆಯುತ್ತಿದ್ದ ಉಕ್ರೇನ್ ಯುದ್ಧವೂ ಅದರಲ್ಲಿ ಆಗಲೇ ಪಾಠವಾಗಿ ಸೇರಿಹೋಗಿತ್ತು!

ಇನ್ನು ನಮ್ಮ ಮನೆಯಂಗಳಕ್ಕೆ ಬರೋಣ. 1965ರ ಭಾರತ-ಪಾಕಿಸ್ತಾನ ಯುದ್ಧ ಯಾವ ದಿನ ಆರಂಭವಾಯಿತು? ನಮ್ಮಲ್ಲಿ ಕಥೆ ಆಗಸ್ಟ್ 5ರಿಂದ ಶುರು. ಅಂದಿನಿಂದ ಪಾಕಿಸ್ತಾನ ಸಾವಿರಾರು ಸಶಸ್ತ್ರ ನುಸುಳುಕೋರರನ್ನು ಕಾಶ್ಮೀರಕ್ಕೆ ಕಳುಹಿಸಿತು. ಆ ಕಾರ್ಯಾಚರಣೆಗೆ ಅದು ಇಟ್ಟ ಹೆಸರು ‘ಜಿಬ್ರಾಲ್ಟರ್’. ಸೆಪ್ಟೆಂಬರ್ 1ರಂದು ಅದರ ಟ್ಯಾಂಕುಗಳು ಛಂಬ್ ವಲಯಕ್ಕೆ ನುಗ್ಗಿದವು. ಪಾಕಿಸ್ತಾನದ ಶಾಲೆಗಳಲ್ಲಿ ಕಥೆ ಶುರುವಾಗುವುದು ಸೆಪ್ಟೆಂಬರ್ 6ರಂದು. ಅಂದು ಭಾರತದ ಸೇನೆ ಅಂತರರಾಷ್ಟ್ರೀಯ ಗಡಿ ದಾಟಿ ಲಾಹೋರಿನತ್ತ ಸಾಗಿತು. ಅಲ್ಲಿ ಆ ದಿನವನ್ನು ‘ರಕ್ಷಣಾ ದಿನ’ವೆಂದು ಆಚರಿಸುತ್ತಾರೆ. ಆಗಸ್ಟ್ 5 ಗೊತ್ತಿಲ್ಲದ ಮಗುವಿಗೆ ಸೆಪ್ಟೆಂಬರ್ 6 ಕಾರಣವಿಲ್ಲದ ಆಕ್ರಮಣವಾಗಿ ಕಾಣದೆ ಇನ್ನೇನಾಗಿ ಕಾಣಬೇಕು?

ಇದನ್ನು ಭಾರತೀಯನೊಬ್ಬ ಹೇಳಿದರೆ ಪಕ್ಷಪಾತವೆನ್ನಬಹುದು. ಆದರೆ ಪಾಕಿಸ್ತಾನದ್ದೇ ಇತಿಹಾಸಕಾರ ಕೆ.ಕೆ. ಅಜೀಜ್ ತಮ್ಮ ದೇಶದ 66 ಪಠ್ಯಪುಸ್ತಕಗಳನ್ನು ಸಾಲುಸಾಲಾಗಿ ಪರಿಶೀಲಿಸಿ 1993ರಲ್ಲಿ ಒಂದು ಗ್ರಂಥ ಪ್ರಕಟಿಸಿದರು. ಅದರ ಶೀರ್ಷಿಕೆ ‘ಇತಿಹಾಸದ ಕೊಲೆ’ ಎಂಬರ್ಥದ್ದು. ಯುದ್ಧಗಳ ಪಾಠವೂ ಅವರ ಟೀಕೆಗೆ ಗುರಿಯಾಯಿತು. ತಮ್ಮವರನ್ನೇ ಪ್ರಶ್ನಿಸಲು ಬೇಕಾದ ಧೈರ್ಯ ಎದುರಾಳಿಯನ್ನು ಟೀಕಿಸಲು ಬೇಕಾಗುವುದಿಲ್ಲ ಎಂಬುದನ್ನು ವಿದ್ಯಾರ್ಥಿಗಳು ಇಲ್ಲಿ ಗಮನಿಸಬೇಕು.

ಆ ಯುದ್ಧದ ಇಬ್ಬರು ಸೈನಿಕರ ವಿಷಯ ಹೇಳದೆ ಮುಂದೆ ಹೋಗಲು ಮನಸ್ಸಾಗದು. ಉತ್ತರ ಪ್ರದೇಶದ ಗಾಜೀಪುರ ಜಿಲ್ಲೆಯ ಹವಾಲ್ದಾರ್ ಅಬ್ದುಲ್ ಹಮೀದ್ ಅಸಲ್ ಉತ್ತರ್ ಎಂಬಲ್ಲಿ ಜೀಪಿನ ಮೇಲಿನ ತೋಪಿನಿಂದ ಪಾಕಿಸ್ತಾನದ ಪ್ಯಾಟನ್ ಟ್ಯಾಂಕುಗಳನ್ನು ಒಂದೊಂದಾಗಿ ಉರುಳಿಸಿ, ಸೆಪ್ಟೆಂಬರ್ 10ರಂದು ಪ್ರಾಣ ಬಿಟ್ಟರು. ಅವರಿಗೆ ಮರಣೋತ್ತರವಾಗಿ ಪರಮವೀರ ಚಕ್ರ ಬಂತು. ಎರಡು ದಿನಗಳ ನಂತರ, ಲಾಹೋರ್ ಬಳಿಯ ಕಾಲುವೆಯ ದಡದಲ್ಲಿ ಮೇಜರ್ ಅಜೀಜ್ ಭಟ್ಟಿ ಎಂಬ ಪಾಕಿಸ್ತಾನಿ ಅಧಿಕಾರಿ ಮಡಿದರು. ಅವರಿಗೆ ಆ ದೇಶದ ಅತ್ಯುನ್ನತ ಪದಕ ನಿಶಾನ್-ಎ-ಹೈದರ್ ಸಿಕ್ಕಿತು. ಗಡಿಯ ಈಚೆ ಮೊದಲನೆಯ ಹೆಸರು ಮನೆಮಾತು, ಆಚೆ ಎರಡನೆಯದು. ಇನ್ನೊಬ್ಬರ ಹೆಸರನ್ನು ಕೇಳಿದ ಮಗು ಎರಡೂ ಕಡೆ ಸಿಗುವುದು ಅಪರೂಪ. ಇನ್ನು ಯಾರು ಗೆದ್ದರು ಎಂಬ ಪ್ರಶ್ನೆಗೆ ಎರಡೂ ದೇಶಗಳ ಪುಸ್ತಕಗಳು ‘ನಾವು’ ಎನ್ನುತ್ತವೆ. ಸೆಪ್ಟೆಂಬರ್ 23ರಂದು ಕದನ ನಿಂತಿತು, 1966ರ ಜನವರಿ 10ರಂದು ತಾಷ್ಕೆಂಟಿನಲ್ಲಿ ಒಪ್ಪಂದವಾಯಿತು, ಗೆದ್ದ ನೆಲವನ್ನು ಇಬ್ಬರೂ ಹಿಂದಿರುಗಿಸಿದರು. ನಮ್ಮವರು ಬಹಳ ಕಷ್ಟಪಟ್ಟು ವಶಪಡಿಸಿಕೊಂಡ ಹಾಜಿ ಪೀರ್ ಕಣಿವೆಮಾರ್ಗವೂ ಅದರಲ್ಲಿ ಸೇರಿತ್ತು.

1971ರ ಯುದ್ಧಕ್ಕೆ ಮೂರು ಹೆಸರುಗಳಿವೆ. ನಮಗೆ ಅದು ‘ಭಾರತ-ಪಾಕಿಸ್ತಾನ ಯುದ್ಧ’. ಡಿಸೆಂಬರ್ 3ರಂದು ಪಾಕಿಸ್ತಾನದ ವಿಮಾನಗಳು ನಮ್ಮ ವಾಯುನೆಲೆಗಳ ಮೇಲೆರಗಿದಾಗ ಆರಂಭವಾಗಿ, 16ರಂದು ಢಾಕಾದಲ್ಲಿ ಸುಮಾರು 93,000 ಮಂದಿಯ ಶರಣಾಗತಿಯೊಂದಿಗೆ ಮುಗಿದ ಹದಿಮೂರು ದಿನಗಳ ಗೆಲುವು. ಬಾಂಗ್ಲಾದೇಶೀಯರಿಗೆ ಅದು ‘ಮುಕ್ತಿಯುದ್ಧ’. ಮಾರ್ಚ್ 25ರ ರಾತ್ರಿ ಪಾಕಿಸ್ತಾನಿ ಸೇನೆ ಢಾಕಾದಲ್ಲಿ ನರಮೇಧ ಆರಂಭಿಸಿದಾಗಿನಿಂದ ಒಂಬತ್ತು ತಿಂಗಳು ನಡೆದದ್ದು. ಪಾಕಿಸ್ತಾನದಲ್ಲಿ ಅದು ‘ಢಾಕಾದ ಪತನ’. ಆ ಹೆಸರಿನಲ್ಲಿ ಊರೊಂದು ಬಿದ್ದ ದುಃಖವಿದೆ, ಆ ಊರಿನ ಜನರಿಗೆ ಏನಾಯಿತೆಂಬುದಿಲ್ಲ. ಆದರೆ ನಾವೂ ಸ್ವಲ್ಪ ಕನ್ನಡಿ ನೋಡಿಕೊಳ್ಳಬೇಕು. ನಮ್ಮ ಹದಿಮೂರು ದಿನಗಳ ಲೆಕ್ಕದಲ್ಲಿ ಮುಕ್ತಿವಾಹಿನಿಯ ಬಂಗಾಳಿ ಯುವಕರ ಎಂಟು ತಿಂಗಳ ಹೋರಾಟಕ್ಕೆ ಎಷ್ಟು ಸಾಲು ಸಿಗುತ್ತದೆ? ಭಾರತದ ನೆರವಿಲ್ಲದೆ ಬಾಂಗ್ಲಾ ಹುಟ್ಟುತ್ತಿರಲಿಲ್ಲ, ನಿಜ. ಆದರೆ ಅದನ್ನು ನಾವು ಕೊಟ್ಟ ಕೊಡುಗೆಯೆಂದಷ್ಟೇ ಓದಿದವನಿಗೆ ಢಾಕಾದ ಸಹಪಾಠಿಯ ಅಸಮಾಧಾನ ಅರ್ಥವಾಗುವುದಿಲ್ಲ.

ಬಾಂಗ್ಲಾದೇಶದ ಪುಸ್ತಕಗಳ ಕಥೆಯೇ ಬೇರೆ. ಸ್ವಾತಂತ್ರ್ಯ ಘೋಷಿಸಿದವರು ಶೇಖ್ ಮುಜೀಬುರ್ ರಹಮಾನರೋ, ಮೇಜರ್ ಜಿಯಾವುರ್ ರಹಮಾನರೋ ಎಂಬ ಪ್ರಶ್ನೆಗೆ ಉತ್ತರ ಅಲ್ಲಿ ಸರ್ಕಾರ ಬದಲಾದಾಗ ಬದಲಾಗುತ್ತದೆ. 2024ರ ಆಗಸ್ಟಿನಲ್ಲಿ ಶೇಖ್ ಹಸೀನಾ ಅಧಿಕಾರ ಕಳೆದುಕೊಂಡರು. 2025ರ ಜನವರಿಯಲ್ಲಿ ಹಂಚಿದ ಹೊಸ ಪುಸ್ತಕಗಳಲ್ಲಿ ಘೋಷಣೆಯ ಶ್ರೇಯ ಜಿಯಾವುರ್ ರಹಮಾನರಿಗೆ ಸಂದಿತು. ಅಣ್ಣ ಬರೆದ ಉತ್ತರ ತಮ್ಮ ಬರೆದರೆ ತಪ್ಪು!

ಯಾರನ್ನು ಎಣಿಸುವುದಿಲ್ಲ ಎಂಬುದೂ ಅಷ್ಟೇ ಮುಖ್ಯ. ಎರಡನೆಯ ಮಹಾಯುದ್ಧದಲ್ಲಿ ಹೋರಾಡಿದ ಭಾರತೀಯ ಸೈನ್ಯದಲ್ಲಿ ಸುಮಾರು 25 ಲಕ್ಷ ಜನರಿದ್ದರು. ಕಡ್ಡಾಯ ಸೇವೆಯಿಲ್ಲದೆ, ಸ್ವಯಂ ಸೇರಿದವರು. ಉತ್ತರ ಆಫ್ರಿಕ, ಇಟಲಿ, ಬರ್ಮಾಗಳಲ್ಲಿ ಹೋರಾಡಿ ಮಡಿದವರು 87,000ಕ್ಕೂ ಹೆಚ್ಚು. ಬ್ರಿಟಿಷರು ಆ ಯುದ್ಧವನ್ನು ‘ಒಂಟಿಯಾಗಿ ನಿಂತ’ ತಮ್ಮ ದ್ವೀಪದ ಕಥೆಯಾಗಿ ಹೇಳಿಕೊಳ್ಳುವಾಗ ಇವರು ಕಾಣುವುದಿಲ್ಲ. 1943ರ ಬಂಗಾಳದ ಬರಗಾಲದಲ್ಲಿ ಸತ್ತ ಸುಮಾರು 30 ಲಕ್ಷ ಜನರೂ ಯುದ್ಧದ ಲೆಕ್ಕಕ್ಕೆ ಬರುವುದಿಲ್ಲ. ನಮ್ಮ ಪಾಠಗಳಲ್ಲಾದರೂ ಇವರಿದ್ದಾರೆಯೇ? ಅಲ್ಲಿ ಕ್ವಿಟ್ ಇಂಡಿಯಾ ಚಳವಳಿಯಿದೆ, ನೇತಾಜಿಯವರ ಆಜಾದ್ ಹಿಂದ್ ಫೌಜ್ ಇದೆ, ಇರಬೇಕಾದ್ದೇ. ಬ್ರಿಟಿಷ್ ಸಮವಸ್ತ್ರ ತೊಟ್ಟ ಆ 25 ಲಕ್ಷ ಮಂದಿಯನ್ನು ಯಾವ ಕಪಾಟಿನಲ್ಲಿಡಬೇಕೆಂದು ನಮಗೂ ತಿಳಿಯಲಿಲ್ಲ. ಹೀಗೆ ಅವರು ಎರಡೂ ಮನೆಗಳಲ್ಲಿ ಬಾಗಿಲಾಚೆಯೇ ಉಳಿದರು.

ಶ್ರೀರಂಗಪಟ್ಟಣದ ದರಿಯಾ ದೌಲತ್ ಅರಮನೆಯನ್ನು ನಿಮ್ಮಲ್ಲಿ ಬಹಳ ಮಂದಿ ನೋಡಿರುತ್ತೀರಿ. ಅದರ ಗೋಡೆಯ ಮೇಲೆ 1780ರ ಸೆಪ್ಟೆಂಬರ್ 10ರ ಪೊಲ್ಲಿಲೂರು ಕದನದ ದೊಡ್ಡ ಚಿತ್ರವಿದೆ. ಹೈದರಾಲಿ ಮತ್ತು ಟಿಪ್ಪು ಆನೆಗಳ ಮೇಲೆ ಬರುತ್ತಿದ್ದಾರೆ. ಸೋತ ಕರ್ನಲ್ ಬೈಲಿ ಪಲ್ಲಕ್ಕಿಯಲ್ಲಿ ಕುಳಿತು ಬೆರಳು ಕಚ್ಚಿಕೊಳ್ಳುತ್ತಿದ್ದಾನೆ. ಇಪ್ಪತ್ತು ವರ್ಷಗಳ ನಂತರ, 1800ರಲ್ಲಿ, ಲಂಡನ್ನಿನ ಜನ ದುಡ್ಡು ಕೊಟ್ಟು ನೋಡಿದ್ದು ಬೇರೊಂದು ಚಿತ್ರ: ರಾಬರ್ಟ್ ಕರ್ ಪೋರ್ಟರ್ ಬರೆದ, ಸುಮಾರು 120 ಅಡಿ ಉದ್ದದ, ಶ್ರೀರಂಗಪಟ್ಟಣದ ಕೋಟೆಗೆ ಇಂಗ್ಲಿಷರು ಲಗ್ಗೆಯಿಟ್ಟ ದೃಶ್ಯ. ಎರಡೂ ಭವ್ಯವೇ. ಆದರೆ 1781ರ ಜುಲೈ 1ರಂದು ಪೋರ್ಟೊ ನೋವೊದಲ್ಲಿ ಹೈದರಾಲಿ ಐರ್ ಕೂಟ್‌ನಿಂದ ಸೋತ ಕದನ ನಮ್ಮ ಗೋಡೆಯ ಮೇಲಿಲ್ಲ, ಪೊಲ್ಲಿಲೂರಿನ ಸೋಲು ಅವರ ಪರದೆಯ ಮೇಲಿರಲಿಲ್ಲ. ಗೋಡೆಗಳಿಗೆ ಇದು ಕ್ಷಮ್ಯ. ಅರಸರು ತಮ್ಮ ಗೆಲುವನ್ನು ಬರೆಸುವುದು ಲೋಕರೂಢಿ. ಶಾಲೆಯ ಪುಸ್ತಕವೂ ಅರಮನೆಯ ಗೋಡೆಯಂತಾದರೆ ಮಾತ್ರ ಆಕ್ಷೇಪಿಸಬೇಕಾಗುತ್ತದೆ.

ಇದನ್ನು ಆಕ್ಷೇಪಿಸಿದವರಿದ್ದಾರೆ. ಜಪಾನಿನ ಇತಿಹಾಸಕಾರ ಇಯೆನಾಗ ಸಬುರೊ ಯುದ್ಧಕಾಲದಲ್ಲಿ ಶಿಕ್ಷಕರಾಗಿದ್ದವರು. ಅವರು ಬರೆದ ಪಠ್ಯಪುಸ್ತಕದಿಂದ ಜಪಾನ್ ಸೇನೆಯ ದುಷ್ಕೃತ್ಯಗಳನ್ನು ತೆಗೆಯಬೇಕು, ಮೆದುಗೊಳಿಸಬೇಕು ಎಂದು ಶಿಕ್ಷಣ ಸಚಿವಾಲಯ ಪಟ್ಟು ಹಿಡಿಯಿತು. ‘ಆಕ್ರಮಣ’ ಎಂಬ ಶಬ್ದವೇ ಅದಕ್ಕೆ ಹಿಡಿಸಲಿಲ್ಲ. 1965ರಲ್ಲಿ ಇಯೆನಾಗ ಸರ್ಕಾರದ ಮೇಲೆ ಮೊಕದ್ದಮೆ ಹೂಡಿದರು. ಒಂದರ ಹಿಂದೊಂದರಂತೆ ಮೂರು ಮೊಕದ್ದಮೆಗಳು, 32 ವರ್ಷಗಳು. 1997ರಲ್ಲಿ ಸುಪ್ರೀಂ ಕೋರ್ಟ್, ಮಂಚೂರಿಯದಲ್ಲಿ ಜೀವಂತ ಮನುಷ್ಯರ ಮೇಲೆ ರೋಗಾಣು ಪ್ರಯೋಗ ಮಾಡಿದ 731ನೇ ತುಕಡಿಯ ವಿವರವನ್ನು ತೆಗೆಸಿದ್ದು ಕಾನೂನುಬಾಹಿರವೆಂದು ತೀರ್ಪಿತ್ತಿತು. ಪಠ್ಯಪುಸ್ತಕಗಳನ್ನು ಪರಿಶೀಲಿಸುವ ಸರ್ಕಾರದ ಅಧಿಕಾರವನ್ನು ಮಾತ್ರ ಅದು ಎತ್ತಿಹಿಡಿಯಿತು. ಒಟ್ಟು ಸಿಕ್ಕ ಪರಿಹಾರ ನಾಲ್ಕು ಲಕ್ಷ ಯೆನ್. ವಕೀಲರ ಓಡಾಟದ ಖರ್ಚಿಗೂ ಸಾಲದ ಮೊತ್ತ. ಆಗ ಇಯೆನಾಗರಿಗೆ 83 ವರ್ಷ.

ಇನ್ನೊಂದು ಪ್ರಯತ್ನ ವಿದ್ಯಾರ್ಥಿಗಳಿಂದಲೇ ಬಂತು. 1870ರಿಂದ 1945ರೊಳಗೆ ಮೂರು ಬಾರಿ ಯುದ್ಧ ಮಾಡಿದ ಫ್ರಾನ್ಸ್ ಮತ್ತು ಜರ್ಮನಿಗಳ ಯುವಜನರು 2003ರಲ್ಲಿ ಬರ್ಲಿನ್ನಿನಲ್ಲಿ ಸೇರಿ, ಎರಡೂ ದೇಶಗಳ ಶಾಲೆಗಳಿಗೆ ಒಂದೇ ಇತಿಹಾಸ ಪುಸ್ತಕ ಬೇಕೆಂದು ಬೇಡಿಕೆಯಿಟ್ಟರು. ಸರ್ಕಾರಗಳು ಒಪ್ಪಿದವು. 1945ರ ನಂತರದ ಕಾಲದ ಮೊದಲ ಸಂಪುಟ 2006ರಲ್ಲಿ, ಎರಡು ಮಹಾಯುದ್ಧಗಳಿರುವ ಸಂಪುಟ 2008ರಲ್ಲಿ, ಪ್ರಾಚೀನ ಕಾಲದ್ದು 2011ರಲ್ಲಿ ಬಂದವು. ಒಂದೇ ಪಾಠ, ಎರಡು ಭಾಷೆ. ಎರಡೂ ದೇಶಗಳ ಲೇಖಕರು ಮೊದಲ ಸಂಪುಟಕ್ಕಾಗಿ ಒಂದೇ ಮೇಜಿನ ಸುತ್ತ ಕುಳಿತಾಗ ದೊಡ್ಡ ವಾದ ನಡೆದದ್ದು ಹಿಟ್ಲರನ ಕುರಿತಲ್ಲ, ಫ್ರಾನ್ಸಿನ ಸೋಲಿನ ಕುರಿತೂ ಅಲ್ಲ. ಯುದ್ಧಾನಂತರದ ಜಗತ್ತಿನಲ್ಲಿ ಅಮೆರಿಕದ ಪಾತ್ರವನ್ನು ಹೇಗೆ ಬರೆಯಬೇಕೆಂಬುದರ ಮೇಲೆ ಅವರಿಗೆ ಹೆಚ್ಚು ಭಿನ್ನಾಭಿಪ್ರಾಯ ಬಂತು.