ಅಕ್ಕನ ಬಾಚಣಿಗೆ, ಮಿನೆಸೋಟದ ಹಸಿವು

1/7
ಮೊದಲನೇ ಫೋಟೋದಲ್ಲಿರೋದು ನಮ್ಮಕ್ಕನ ಬಾಚಣಿಗೆ. ಅವಳನ್ನ ಕೇಳಿಯೇ ಹಾಕ್ತಿದೀನಿ. ಮುಖ ಬೇಡ, ಹೆಸರು ಬೇಡ ಅಂದ್ಲು, ಸರಿ ಅಂದೆ.

ಹೋದ ವರ್ಷ ಬೆಂಗಳೂರಲ್ಲಿ ಅಕ್ಕನಿಗೆ ತೂಕ ಇಳಿಸೋ ಆಪರೇಷನ್ ಆಯ್ತು. ಜಠರದ ಹೆಚ್ಚಿನ ಭಾಗ ಕತ್ತರಿಸಿ ತೆಗೆದು, ಬಾಳೆಹಣ್ಣಿನ ಆಕಾರದ ಒಂದು ಕೊಳವೆ ಮಾತ್ರ ಉಳಿಸ್ತಾರಲ್ಲ, ಸ್ಲೀವ್ ಅಂತಾರೆ, ಅದು. ಶುಗರ್ ಇತ್ತು, ಮಂಡಿ ನೋವಿತ್ತು, ಮೆಟ್ಟಿಲು ಹತ್ತಿದ್ರೆ ಏದುಸಿರು. ಮೂರು ತಿಂಗಳಲ್ಲಿ 22 ಕೆಜಿ ಇಳಿದಳು, ಶುಗರ್ ಮಾತ್ರೆ ಕಮ್ಮಿ ಆಯ್ತು. ಮನೇಲಿ ಎಲ್ಲರಿಗೂ ಖುಷಿ. ನಾಲ್ಕನೇ ತಿಂಗಳು ಬಾತ್‌ರೂಮಿನ ಜಾಲರಿ ಮೇಲೆ ಕೂದಲಿನ ಉಂಡೆ ಕಾಣೋಕೆ ಶುರುವಾಯ್ತು. ದಿಂಬಿನ ಮೇಲೆ, ಸಾರಿನ ಬಟ್ಟಲಲ್ಲಿ, ನನ್ನ ಸ್ವೆಟರ್ ಮೇಲೆ ಕೂಡ.

ಆಸ್ಪತ್ರೆಯವರು ಕೊಟ್ಟ ಕಾಗದದ ಕೊನೇ ಪುಟದಲ್ಲಿ ಇದರ ಬಗ್ಗೆ ಇಂಗ್ಲಿಷಲ್ಲಿ ಒಂದೇ ಸಾಲು ಇತ್ತು. ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ಅಕ್ಕ ತನ್ನದೇ ಒಂದು ಲೆಕ್ಕ ಹಾಕಿದಳು: ತೂಕ ಬೇಗ ಪೂರ್ತಿ ಇಳಿದುಬಿಟ್ರೆ ಕೂದಲು ಉದುರೋದೂ ಬೇಗ ನಿಲ್ಲುತ್ತೆ. ಹಾಗಾಗಿ ಮೊಟ್ಟೆ ಬಿಟ್ಟಳು, ಮೊಸರು ಬಿಟ್ಟಳು, ಗಂಜಿ ನೀರಲ್ಲೇ ದಿನ ತಳ್ಳಿದಳು. ಜೊತೆಗೆ ಆನ್‌ಲೈನಲ್ಲಿ ಕೂದಲಿನ ಗಮ್ಮಿ ಎರಡು ಡಬ್ಬಿ ತರಿಸಿದಳು.

ನಾನು ಡಾಕ್ಟರ್ ಅಲ್ಲ, ಹಿಸ್ಟರಿ ಓದ್ತಿರೋಳು. ಅದಕ್ಕೇ ಈ ಸಲದ ಸೀರೀಸು ಕೂದಲಿನ ಹಿಸ್ಟರಿ.

2/7
ಮೊದಲು ನಮ್ಮನೆಯಿಂದಲೇ ಶುರು ಮಾಡ್ತೀನಿ. ಅಕ್ಕನ ನೆತ್ತಿ ಕಾಣೋಕೆ ಶುರುವಾದಾಗ ಅಜ್ಜಿ ಮುಖ ನೋಡಬೇಕಿತ್ತು. "ಮುತ್ತೈದೆ ತಲೆ ಹಿಂಗಾಗಬಾರ್ದು ಕಣೇ, ಯಾಕಾದ್ರೂ ಹೊಟ್ಟೆ ಕುಯ್ಯಿಸ್ಕೊಂಡೆ" ಅಂತ ಒಂದೇ ಸಮ ಗೊಣಗ್ತಿದ್ರು. ನನಗೆ ಸಿಟ್ಟು ಬಂತು. ಆಮೇಲೆ ಯೋಚನೆ ಮಾಡಿದೆ. ನಮ್ಮಲ್ಲಿ ಗಂಡಸಿನ ತಲೆ ಬೋಳಾದ್ರೆ ತಮಾಷೆ, ಹೆಂಗಸಿನ ತಲೆ ಬೋಳಾದ್ರೆ ಜನ ಕಾರಣ ಹುಡುಕ್ತಾರೆ. ಮಾದಪ್ಪನ ಬೆಟ್ಟಕ್ಕೋ ತಿರುಪತಿಗೋ ಹೋಗಿ ಮುಡಿ ಕೊಟ್ಟಿದ್ರೆ ಗೌರವ. ಇನ್ನೊಂದು ಕಾರಣ ಅಜ್ಜಿಯ ಕಾಲದವರಿಗೆ ಕಣ್ಣಾರೆ ಗೊತ್ತು: ಗಂಡ ಸತ್ತ ಮೇಲೆ ಕೆಲವು ಜಾತಿಗಳಲ್ಲಿ ಹೆಂಗಸಿನ ತಲೆ ಬೋಳಿಸಿ ಕೆಂಪು ಸೀರೆ ಉಡಿಸ್ತಿದ್ರು. ಎಂ.ಕೆ. ಇಂದಿರಾ ಅವರ 'ಫಣಿಯಮ್ಮ' ಕಾದಂಬರಿ ಅಂಥ ಒಬ್ಬ ಬಾಲವಿಧವೆಯ ಕಥೆ; ಪ್ರೇಮಾ ಕಾರಂತರು ಅದನ್ನ ಸಿನಿಮಾ ಮಾಡಿದ್ರು. ಅಜ್ಜಿ ಗೊಣಗ್ತಿದ್ದದ್ದು ಆ ಹಳೇ ಹೆದರಿಕೆಯಿಂದ. ಅಕ್ಕನಿಗೆ ಅದು ಬೈಗುಳ ಥರ ಕೇಳಿಸ್ತು, ಅದು ಬೇರೆ ಮಾತು.

3/7
ಈಗ ಅಮೆರಿಕಕ್ಕೆ. ಇದಕ್ಕೂ ಅಕ್ಕನಿಗೂ ಏನು ಸಂಬಂಧ ಅಂತ ಅನ್ನಿಸಬಹುದು, ಸ್ವಲ್ಪ ತಾಳಿ.

1944ರ ನವೆಂಬರ್. ಎರಡನೇ ಮಹಾಯುದ್ಧ ಇನ್ನೂ ಮುಗಿದಿಲ್ಲ. ಯುರೋಪಿನಲ್ಲಿ ಜನ ಹಸಿವಿನಿಂದ ಸಾಯ್ತಿದಾರೆ. ಯುದ್ಧ ಮುಗಿದ ಮೇಲೆ ಅವರಿಗೆ ಹೇಗೆ, ಎಷ್ಟು ಉಣಿಸಬೇಕು ಅನ್ನೋದು ಯಾರಿಗೂ ಸರಿಯಾಗಿ ಗೊತ್ತಿಲ್ಲ. ಮಿನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಅನ್ನೋ ವಿಜ್ಞಾನಿ ಒಂದು ಪ್ರಯೋಗ ಶುರು ಮಾಡಿದರು. 36 ಜನ ಯುವಕರು, ಎಲ್ಲರೂ "ನಾವು ಬಂದೂಕು ಹಿಡಿಯಲ್ಲ" ಅಂತ ಆತ್ಮಸಾಕ್ಷಿಯ ಕಾರಣಕ್ಕೆ ಸೈನ್ಯ ಸೇರದೇ ಇದ್ದವರು, ತಾವಾಗಿಯೇ ಹಸಿದಿರೋಕೆ ಒಪ್ಪಿ ಬಂದರು. ಪ್ರಯೋಗ ನಡೆದದ್ದು ಫುಟ್‌ಬಾಲ್ ಸ್ಟೇಡಿಯಮ್ಮಿನ ಕೆಳಗಿನ ಕೋಣೆಗಳಲ್ಲಿ.

ಮೊದಲ 12 ವಾರ ಸರಿಯಾದ ಊಟ. ಆಮೇಲೆ 24 ವಾರ ಅರೆಹೊಟ್ಟೆ: ದಿನಕ್ಕೆ ಸುಮಾರು 1,570 ಕ್ಯಾಲೊರಿ. ಆಲೂಗಡ್ಡೆ, ಗೆಡ್ಡೆಗೆಣಸು, ಬ್ರೆಡ್ಡು, ಮ್ಯಾಕರೋನಿ. ಮಾಂಸ, ಹಾಲು ಕಾಣೋದೇ ಅಪರೂಪ. ಅದರ ಮೇಲೆ ವಾರಕ್ಕೆ 35 ಕಿಲೋಮೀಟರ್ ನಡಿಗೆ. ಒಟ್ಟು ತೂಕದ ಕಾಲುಭಾಗ ಕರಗಿಹೋಯ್ತು. ಹುಡುಗರು ಅಡುಗೆ ಪುಸ್ತಕಗಳನ್ನ ಕಾದಂಬರಿ ಥರ ಓದೋಕೆ ಶುರು ಮಾಡಿದ್ರು. ತಟ್ಟೆ ನೆಕ್ಕಿದ್ರು. ಬೇಸಿಗೆಯಲ್ಲೂ ಚಳಿ ಅಂತ ಕಂಬಳಿ ಕೇಳಿದ್ರು. ನಾಡಿ ನಿಧಾನ ಆಯ್ತು, ಕಾಲು ಊದಿಕೊಂಡ್ವು. ಕೂದಲು ಒಣಗಿ, ತೆಳ್ಳಗಾಗಿ, ಉದುರೋಕೆ ಶುರುವಾಯ್ತು.

1950ರಲ್ಲಿ ಕೀಸ್ ತಂಡ ಇದನ್ನೆಲ್ಲ ಎರಡು ದಪ್ಪ ಸಂಪುಟಗಳಲ್ಲಿ ಪ್ರಕಟಿಸಿತು. ಮನುಷ್ಯನ ಹಸಿವಿನ ಬಗ್ಗೆ ಇವತ್ತಿಗೂ ಅದನ್ನೇ ತೆಗೆದು ನೋಡ್ತಾರೆ. ಇಂಥ ಪ್ರಯೋಗ ಈಗ ಯಾವ ಎಥಿಕ್ಸ್ ಕಮಿಟಿಯೂ ಒಪ್ಪಲ್ಲ ಬಿಡಿ.

4/7
ಇಲ್ಲಿಂದ ಮುಂದೆ ಓದುವಾಗ ನನಗೆ ನಿಜಕ್ಕೂ ಆಶ್ಚರ್ಯ ಆಯ್ತು. ಅದೇ ಮಿನೆಸೋಟ. ಹತ್ತೇ ವರ್ಷ ಆಮೇಲೆ, 1954ರಲ್ಲಿ, ಅಲ್ಲಿನ ಕ್ರೆಮೆನ್, ಲಿನ್ನರ್ ಮತ್ತು ಸಂಗಡಿಗ ಸರ್ಜನ್ನರು ನಾಯಿಗಳ ಸಣ್ಣ ಕರುಳನ್ನ ಅಡ್ಡದಾರಿಗೆ ಜೋಡಿಸಿ ನೋಡಿದ ಪ್ರಯೋಗ ಪ್ರಕಟಿಸಿದರು. ಊಟ ಕರುಳಿನ ಬಹುಭಾಗ ಮುಟ್ಟದೇ ಮುಂದೆ ಹೋದ್ರೆ ಮೈಗೆ ಹತ್ತೋದಿಲ್ಲ, ತೂಕ ಇಳಿಯುತ್ತೆ. ಇದೇ ದಾರಿಯಲ್ಲಿ ಮನುಷ್ಯರ ಮೇಲೂ ಆಪರೇಷನ್ ಶುರುವಾಯ್ತು. ತೂಕವೇನೋ ಇಳೀತು. ಆದರೆ ನಿಲ್ಲದ ಭೇದಿ, ಮೂತ್ರಪಿಂಡದ ಕಲ್ಲು, ಕೆಲವರಿಗೆ ಲಿವರ್ರೇ ಕೈಕೊಡ್ತು. 1980ರ ಹೊತ್ತಿಗೆ ಆ ವಿಧಾನವನ್ನ ಹೆಚ್ಚುಕಮ್ಮಿ ಕೈಬಿಟ್ಟರು.

ಮಿನೆಸೋಟದಲ್ಲೇ ಸರ್ಜರಿ ಕಲಿತ ಎಡ್ವರ್ಡ್ ಮೇಸನ್ ಆಮೇಲೆ ಅಯೋವಾಕ್ಕೆ ಹೋದರು. ಅಲ್ಸರ್‌ಗೆ ಅಂತ ಜಠರದ ಭಾಗ ತೆಗೆಸಿಕೊಂಡ ಹೆಂಗಸರು ಸಣ್ಣಗಾಗಿ, ಮತ್ತೆ ದಪ್ಪ ಆಗೋಕೇ ಒದ್ದಾಡ್ತಿದ್ದದ್ದು ಅವರ ಕಣ್ಣಿಗೆ ಬಿತ್ತು. 1966ರಲ್ಲಿ ಚಿಕಾಶಿ ಇಟೋ ಜೊತೆ ಸೇರಿ ಮೊದಲ ಗ್ಯಾಸ್ಟ್ರಿಕ್ ಬೈಪಾಸ್ ಮಾಡಿದರು. ಇವತ್ತಿನ ತೂಕ ಇಳಿಸೋ ಆಪರೇಷನ್‌ಗಳ ಕಥೆ ಬರೆಯುವವರು ಸಾಮಾನ್ಯವಾಗಿ ಇಲ್ಲಿಂದಲೇ ಗಂಭೀರವಾಗಿ ಎಣಿಸೋಕೆ ಶುರು ಮಾಡ್ತಾರೆ. ನಮ್ಮಕ್ಕನಿಗೆ ಆದ ಸ್ಲೀವ್ ಬಹಳ ತಡವಾಗಿ ಬಂದದ್ದು.

ಒಂದೇ ವಿಶ್ವವಿದ್ಯಾಲಯದಲ್ಲಿ ಹಸಿವು ದೇಹಕ್ಕೆ ಏನು ಮಾಡುತ್ತೆ ಅಂತ ಬರೆದಿಟ್ಟರು, ಕಮ್ಮಿ ಊಟ ಮೈಗೆ ಹತ್ತೋ ಹಾಗೆ ದೇಹವನ್ನ ಬದಲಾಯಿಸೋದನ್ನೂ ಹುಡುಕಿದರು. ಅಕ್ಕ ಆಪರೇಷನ್ ಆದ ಮೊದಲ ತಿಂಗಳುಗಳಲ್ಲಿ ತಿಂತಿದ್ದದ್ದು ಆ 36 ಹುಡುಗರಿಗಿಂತಲೂ ಕಮ್ಮಿ. ಈ ಆಪರೇಷನ್ ಆದ ಬಹಳ ಜನರಿಗೆ ಆಗ ದಿನಕ್ಕೆ 1,000 ಕ್ಯಾಲೊರಿ ಕೂಡ ದಾಟೋದಿಲ್ಲ. ಅವಳ ಮೈಯಲ್ಲಿ ಕೊಬ್ಬಿನ ದಾಸ್ತಾನು ಇತ್ತು, ಅದರಿಂದ ಶಕ್ತಿ ಸಿಗ್ತಿತ್ತು, ನಿಜ. ಆದರೆ ಕೂದಲು ಕಟ್ಟೋಕೆ ಬೇಕಾದ ಪ್ರೋಟೀನು, ಕಬ್ಬಿಣ, ಸತು ಕೊಬ್ಬಿನಲ್ಲಿ ಇರಲ್ಲ. ಅವು ದಿನಾ ಬಾಯಿಂದಲೇ ಹೋಗಬೇಕು.

5/7
ಸರಿ, ಆದರೆ ನಾಲ್ಕನೇ ತಿಂಗಳು ಯಾಕೆ? ಆಪರೇಷನ್ ಆದ ವಾರವೇ ಯಾಕೆ ಉದುರಲಿಲ್ಲ?

ಇದಕ್ಕೆ ಉತ್ತರ 1961ರಲ್ಲಿ ಬಂತು. ಪೆನ್ಸಿಲ್ವೇನಿಯಾದ ಚರ್ಮವೈದ್ಯ ಆಲ್ಬರ್ಟ್ ಕ್ಲಿಗ್ಮನ್ 'ಟೆಲೋಜೆನ್ ಎಫ್ಲುವಿಯಮ್' ಅಂತ ಹೆಸರಿಟ್ಟರು. ಹೆಸರು ಹೆದರಿಸುತ್ತೆ, ವಿಷಯ ಸರಳ. ತಲೆಯಲ್ಲಿ ಸುಮಾರು ಒಂದು ಲಕ್ಷ ಕೂದಲು. ಅದರಲ್ಲಿ ನೂರಕ್ಕೆ 85-90 ಬೆಳೀತಾ ಇರ್ತವೆ, ವರ್ಷಗಟ್ಟಲೆ. ಉಳಿದವು ಮೂರು ತಿಂಗಳು ಸುಮ್ಮನೆ ಮಲಗಿದ್ದು, ಆಮೇಲೆ ಉದುರ್ತವೆ. ದಿನಕ್ಕೆ 50ರಿಂದ 100 ಹೋದ್ರೂ ಗೊತ್ತಾಗಲ್ಲ. ದೇಹಕ್ಕೆ ದೊಡ್ಡ ಆಘಾತ ಆದಾಗ, ಅಂದ್ರೆ ಭಾರಿ ಜ್ವರ, ಹೆರಿಗೆ, ಆಪರೇಷನ್, ಇದ್ದಕ್ಕಿದ್ದಂತೆ ತೂಕ ಇಳಿಯೋದು, ಆಗ ಬೆಳೀತಿದ್ದ ಕೂದಲಲ್ಲಿ ಬಹಳಷ್ಟು ಒಟ್ಟಿಗೇ ಮಲಗಿಬಿಡ್ತವೆ. ಎರಡರಿಂದ ನಾಲ್ಕು ತಿಂಗಳ ಮೇಲೆ ಒಟ್ಟಿಗೇ ಉದುರ್ತವೆ. 1918ರ ಇನ್‌ಫ್ಲುಯೆಂಜಾ ಆದ ಮೇಲೂ ಹೀಗೇ ಆಗಿತ್ತು, ನಾವೆಲ್ಲ ಕೋವಿಡ್ ಆದ ಮೇಲೆ ನೋಡಿದ್ದೂ ಇದನ್ನೇ.

ಅಂದ್ರೆ ಬಾಚಣಿಗೆಗೆ ಬರೋದು ಮೂರು ತಿಂಗಳು ಹಳೇ ಸುದ್ದಿ. ಇವತ್ತು ಊಟ ಬಿಟ್ಟರೆ ಇವತ್ತಿನ ಉದುರುವಿಕೆ ನಿಲ್ಲಲ್ಲ, ಮೂರು ತಿಂಗಳ ಮೇಲಿನದು ಹೆಚ್ಚಾಗುತ್ತೆ. ಅಕ್ಕನ ಲೆಕ್ಕ ತಲೆಕೆಳಗಾಗಿದ್ದು ಇಲ್ಲೇ.

ಉದುರಿದ ಕೂದಲಿನ ತುದಿಯಲ್ಲಿ ಒಂದು ಪುಟ್ಟ ಬಿಳೀ ಗುಂಡು ಇರುತ್ತೆ, ಎರಡನೇ ಫೋಟೋ ಜೂಮ್ ಮಾಡಿ ನೋಡಿ. "ಬೇರು ಸಮೇತ ಕಿತ್ತು ಬಂತಲ್ಲೇ" ಅಂದ್ರು ಅಜ್ಜಿ. ಅದು ಬೇರಲ್ಲ. ಕೂದಲು ಹುಟ್ಟೋ ಗೂಡು ಚರ್ಮದೊಳಗೇ ಇರುತ್ತೆ, ಅಲ್ಲಿಂದ ಹೊಸದು ಬರುತ್ತೆ.

ಇನ್ನೊಂದು ಮಾತು ಹೇಳದೇ ಇದ್ರೆ ಹಿಸ್ಟರಿ ಓದಿದ್ದಕ್ಕೆ ಅರ್ಥ ಇಲ್ಲ. ಇದೇ ಕ್ಲಿಗ್ಮನ್ 1951ರಿಂದ 1974ರವರೆಗೆ ಫಿಲಡೆಲ್ಫಿಯಾದ ಹೋಮ್ಸ್‌ಬರ್ಗ್ ಜೈಲಿನ ಕೈದಿಗಳ ಚರ್ಮದ ಮೇಲೆ ಪ್ರಯೋಗ ನಡೆಸಿದವರು. ಕೈದಿಗಳಲ್ಲಿ ಬಹಳಷ್ಟು ಜನ ಕಪ್ಪು ಜನರು. ಡಯಾಕ್ಸಿನ್‌ನಂಥ ವಿಷವನ್ನೂ ಹಚ್ಚಿ ನೋಡಿದರು. 2021ರಲ್ಲಿ ಅವರ ವಿಶ್ವವಿದ್ಯಾಲಯದ ಮೆಡಿಕಲ್ ಸ್ಕೂಲು ಕ್ಷಮೆ ಕೇಳಿತು. ಅಕ್ಕನಿಗೆ ಧೈರ್ಯ ಕೊಟ್ಟ ವಿವರಣೆ ಇಂಥವರಿಂದ ಬಂತು ಅನ್ನೋದು ನನಗೆ ಇನ್ನೂ ಸರಿಯಾಗಿ ಅರಗಿಲ್ಲ.

ಇದನ್ನೆಲ್ಲ ಅಜ್ಜಿಗೆ ಹೇಳ್ತಿದ್ದಾಗ ಮಧ್ಯದಲ್ಲೇ ತಡೆದು ಹೇಳಿದ್ರು: "ಅಯ್ಯೋ, ಇದಾ! ಮಗು ಮುಖ ನೋಡಿ ನಗೋಕೆ ಶುರು ಮಾಡಿದ್ರೆ ಬಾಣಂತಿ ಕೂದ್ಲು ಉದ್ರುತ್ತೆ, ನಿಮ್ಮಮ್ಮಂಗೂ ಉದ್ರಿತ್ತು, ಆಮೇಲೆ ಬಂತಲ್ಲ." ಮಗು ಮುಖ ನೋಡಿ ನಗೋದು ಎರಡು-ಮೂರು ತಿಂಗಳಿಗೆ. ಕ್ಲಿಗ್ಮನ್ ಹೇಳಿದ ಲೆಕ್ಕ ಅಜ್ಜಿ ಹತ್ರ ಮೊದಲಿಂದ ಇತ್ತು. ಆವತ್ತಿಂದ ಗೊಣಗಾಟ ಕಮ್ಮಿ ಆಯ್ತು.

6/7
ಗಮ್ಮಿ ಕಥೆ. ಅದರ ಡಬ್ಬಿ ಮೇಲೆ ದೊಡ್ಡದಾಗಿ ಬಯೋಟಿನ್ ಅಂತ ಇರುತ್ತೆ. 1920ರ ದಶಕದಲ್ಲಿ ಇಲಿಗಳಿಗೆ ಹಸಿ ಮೊಟ್ಟೆಯ ಬಿಳಿಯನ್ನೇ ತಿನ್ನಿಸಿದಾಗ ಚರ್ಮ ಕೆಟ್ಟು ರೋಮ ಉದುರಿತು. ಅದನ್ನ ಸರಿ ಮಾಡಿದ ವಸ್ತುವಿಗೆ ಪಾಲ್ ಗ್ಯೋರ್ಗಿ 'ವಿಟಮಿನ್ ಎಚ್' ಅಂತ ಹೆಸರಿಟ್ಟರು. ಜರ್ಮನ್ ಭಾಷೆಯಲ್ಲಿ ಕೂದಲು, ಚರ್ಮ ಎರಡೂ ಪದ 'ಎಚ್'ನಿಂದ ಶುರು. ಅದೇ ಬಯೋಟಿನ್. ಕೊರತೆ ಇದ್ದವರಿಗೆ ಅದು ಔಷಧಿ. ಕೊರತೆ ಇಲ್ಲದವರ ಕೂದಲು ಅದರಿಂದ ಬೆಳೆಯುತ್ತೆ ಅನ್ನೋಕೆ ಗಟ್ಟಿ ಪುರಾವೆ ಇಲ್ಲ. ಜಾಸ್ತಿ ತಗೊಂಡ್ರೆ ಥೈರಾಯ್ಡ್, ಹೃದಯದ ರಕ್ತ ಪರೀಕ್ಷೆಗಳ ಫಲಿತಾಂಶವೇ ತಪ್ಪಾಗಿ ಬರಬಹುದು ಅಂತ 2017ರಲ್ಲಿ ಅಮೆರಿಕದ ಎಫ್‌ಡಿಎ ಎಚ್ಚರಿಕೆ ಕೊಟ್ಟಿದೆ. ಸತುವಿನ ಮಾತ್ರೆಯನ್ನೂ ಸುಮ್ಮನೆ ನುಂಗೋ ಹಾಗಿಲ್ಲ, ಜಾಸ್ತಿ ಆದ್ರೆ ತಾಮ್ರ ಕಮ್ಮಿ ಆಗುತ್ತೆ.

ಅಕ್ಕ ವಾಪಸ್ ಡಾಕ್ಟರ್ ಹತ್ರ ಹೋದಳು. ರಕ್ತ ಪರೀಕ್ಷೆಯಲ್ಲಿ ಕಬ್ಬಿಣ ಕೆಳಗಿತ್ತು, ಅದಕ್ಕೆ ಮಾತ್ರೆ ಬಂತು. ಡಯಟಿಷಿಯನ್ ದಿನಕ್ಕೆ 60 ಗ್ರಾಂ ಪ್ರೋಟೀನ್ ಅಂದ್ರು. ಕೇಳೋಕೆ ಸುಲಭ. ಒಂದು ಮೊಟ್ಟೆಯಲ್ಲಿ 6 ಗ್ರಾಂ, ಅಕ್ಕನ ಹೊಟ್ಟೆಗೆ ಒಂದು ಸಲಕ್ಕೆ ಹಿಡಿಸೋದು ಒಂದು ಪುಟ್ಟ ಬಟ್ಟಲು. ಮುದ್ದೆ, ಅನ್ನ ಮೊದಲು ತಿಂದ್ರೆ ಜಾಗ ಮುಗೀತು. ಹಾಗಾಗಿ ಮೊದಲು ಮೊಟ್ಟೆ ಅಥವಾ ಪನೀರು ಅಥವಾ ಗಟ್ಟಿ ಬೇಳೆ, ಉಳಿದ ಜಾಗಕ್ಕೆ ಮುದ್ದೆ ಅಂತ ಅಮ್ಮ ತಟ್ಟೆಯ ಕ್ರಮವನ್ನೇ ಬದಲಾಯಿಸಿದ್ರು. ಉಪವಾಸದ ದಿನ ಮನೆಯಲ್ಲಿ ಒಂದು ಸಣ್ಣ ಜಗಳ ಆಯ್ತು, ಅದನ್ನ ಬರೆಯಲ್ಲ.

ಆಪರೇಷನ್ ಆದವರಲ್ಲಿ ಹೆಚ್ಚಿನವರಿಗೆ ಮೂರು-ನಾಲ್ಕನೇ ತಿಂಗಳಲ್ಲಿ ಶುರುವಾಗಿ ಕೆಲವು ತಿಂಗಳಲ್ಲಿ ನಿಲ್ಲುತ್ತೆ. ಆರು ತಿಂಗಳ ಮೇಲೆ ಹೊಸದಾಗಿ ಶುರುವಾದ್ರೆ, ವರ್ಷ ಕಳೆದರೂ ನಿಲ್ಲದಿದ್ರೆ, ಬೋಳು ತೇಪೆ ಕಂಡ್ರೆ ಬೇರೆ ಕಾರಣ ಇರಬಹುದು, ಪರೀಕ್ಷೆ ಮಾಡಿಸಲೇಬೇಕು. ನಿಮ್ಮನೇಲಿ ಯಾರಾದ್ರೂ ಈ ಆಪರೇಷನ್‌ಗೆ ಹೊರಟಿದ್ರೆ ಇದನ್ನ ಮೊದಲೇ ಹೇಳಿ.

7/7
ಕೊನೇ ಫೋಟೋ. ದೊಡ್ಡಮ್ಮನ ಮಗಳ ಮದುವೆ ಬಂತು. ಅಕ್ಕ ಬರಲ್ಲ ಅಂತ ಹಟ ಹಿಡಿದಿದ್ದಳು. ಮಲ್ಲಿಗೆ ಮುಡಿಯೋಕೂ ಜಡೆ ಸಾಲ್ತಿಲ್ಲ, ನೆಂಟರು ನೆತ್ತಿ ನೋಡ್ತಾರೆ ಅಂತ. ಅಜ್ಜಿ ಟ್ರಂಕಿನಿಂದ ಒಂದು ಬಟ್ಟೆ ಗಂಟು ತೆಗೆದ್ರು. ಒಳಗೆ ಒಂದು ಚೌರಿ. ಅಜ್ಜಿ ಬಾಣಂತನದಲ್ಲಿ ಉದುರಿದ ತನ್ನದೇ ಕೂದಲನ್ನ ಸುತ್ತಿ ಸುತ್ತಿ ಗೋಡೆಯ ಮೊಳೆಗೆ ಸಿಕ್ಕಿಸಿಟ್ಟು, ಆಮೇಲೆ ಕಟ್ಟಿಸಿದ್ದಂತೆ. ಬಣ್ಣ ಸ್ವಲ್ಪ ಕಂದಿತ್ತು, ಆದರೂ ಅಕ್ಕನ ಕೂದಲಿಗೆ ಹೊಂದಿಕೊಂಡ್ತು. ಅಜ್ಜಿಯೇ ಕೂತು ಹೆಣೆದ್ರು.

ಹೆಣೆಯುವಾಗ ಹಣೆಯ ಅಂಚಿನಲ್ಲಿ ಅರ್ಧ ಇಂಚಿನ ಕೂದಲು, ಎಷ್ಟು ಎಣ್ಣೆ ಹಚ್ಚಿದ್ರೂ ಕೂರದೆ, ಮುಳ್ಳಿನ ಥರ ನೆಟ್ಟಗೆ ನಿಂತಿದ್ವು. "ಇವೇನೇ ಹಿಂಗೆ ನಿಂತವೆ" ಅಂತ ಅಜ್ಜಿ ಒದ್ದೆ ಕೈಯಿಂದ ಮತ್ತೆ ಮತ್ತೆ ಸವರಿದ್ರು. ಫೋಟೋ ತೆಗೆದದ್ದು ಆಗಲೇ.

#ಕೂದಲಿನಚರಿತ್ರೆ #ಮನೆಯಿಂದಹಿಸ್ಟರಿ