ಸನ್ನೆಕೋಲಿನ ಕಾಫಿ

ಎಸ್ಪ್ರೆಸೊ ಎಂದರೆ ಪುಟ್ಟ ಬಟ್ಟಲಿನಲ್ಲಿ ದಟ್ಟವಾದ ಕಾಫಿ, ಅದರ ಮೇಲೊಂದು ಕಂದು ಬಣ್ಣದ ನೊರೆ. ಆದರೆ ಎಸ್ಪ್ರೆಸೊ ಹುಟ್ಟಿದ ಮೇಲೆ ಸುಮಾರು ಅರ್ಧ ಶತಮಾನ ಕಾಲ ಅದಕ್ಕೆ ಈ ನೊರೆ ಇರಲೇ ಇಲ್ಲ. ನೊರೆ ಬಂದದ್ದು ಎರಡನೆಯ ಮಹಾಯುದ್ಧ ಮುಗಿದ ನಂತರ, ಇಟಲಿಯ ಮಿಲಾನ್ ನಗರದಲ್ಲಿ ಕಾಫಿ ಯಂತ್ರಕ್ಕೊಂದು ಸನ್ನೆಕೋಲು ಬಂದ ಮೇಲೆ.

ಅದಕ್ಕೆ ಮುಂಚಿನ ಯಂತ್ರಗಳು ಬಹುತೇಕ ಹಬೆಯವು. ಟ್ಯೂರಿನ್ನಿನ ಏಂಜೆಲೊ ಮೊರಿಯೊಂಡೊ 1884ರಲ್ಲಿ ಅಂಥ ಒಂದು ಯಂತ್ರಕ್ಕೆ ಪೇಟೆಂಟ್ ಪಡೆದಿದ್ದ. 1901ರಲ್ಲಿ ಮಿಲಾನಿನ ಲುಯಿಜಿ ಬೆಜ್ಜೆರಾ ಪ್ರತಿ ಗಿರಾಕಿಗೂ ಅವನ ಕಣ್ಣೆದುರೇ ಬಟ್ಟಲು ತುಂಬಿಸಿಕೊಡುವ ಯಂತ್ರ ರೂಪಿಸಿದ. ಅದರ ಹಕ್ಕನ್ನು ಕೊಂಡ ದೆಸಿದೆರಿಯೊ ಪವೋನಿ ಅದನ್ನು ಪೇಟೆಗೆ ತಂದ. ನೋಡಲು ಭರ್ಜರಿಯಾದ ಈ ಹಿತ್ತಾಳೆ ಗೋಪುರಗಳಲ್ಲಿ ಒಂದು ತೊಡಕಿತ್ತು. ನೀರನ್ನು ಪುಡಿಯ ಮೂಲಕ ತಳ್ಳುತ್ತಿದ್ದ ಹಬೆಯ ಒತ್ತಡ ಸುಮಾರು ಒಂದೂವರೆ ಬಾರ್ ಮಾತ್ರ. ಕಾರಿನ ಟೈರಿನಲ್ಲೇ ಅದಕ್ಕಿಂತ ಹೆಚ್ಚಿರುತ್ತದೆ. ಒತ್ತಡ ಹೆಚ್ಚಬೇಕೆಂದರೆ ಇನ್ನಷ್ಟು ಕಾಯಿಸಬೇಕು. ಕಾಯಿಸಿದಷ್ಟೂ ಪುಡಿ ಸುಟ್ಟು ಕಹಿಯಾಗುತ್ತದೆ. ಬಿಸಿಯೂ ಒತ್ತಡವೂ ಒಂದೇ ಹಗ್ಗಕ್ಕೆ ಕಟ್ಟಿದ ಎರಡು ಎತ್ತುಗಳಾಗಿದ್ದವು.

ಆ ಹಗ್ಗ ಬಿಚ್ಚಿದವನು ಅಕಿಲೆ ಗಾಜಿಯಾ. 1938ರಲ್ಲಿ ಹಬೆಯಿಲ್ಲದ ವಿಧಾನಕ್ಕೆ ಮೊದಲ ಪೇಟೆಂಟ್ ಪಡೆದ. ಸನ್ನೆಕೋಲು ಮತ್ತು ಸ್ಪ್ರಿಂಗಿನ ಪೇಟೆಂಟ್ ಸಿಕ್ಕಿದ್ದು 1947ರಲ್ಲಿ. ಮರುವರ್ಷವೇ ಯಂತ್ರಗಳು ತಯಾರಾಗತೊಡಗಿದವು. ಕೋಲನ್ನು ಕೆಳಗೆಳೆದರೆ ಬಲವಾದ ಸ್ಪ್ರಿಂಗ್ ಅದುಮಿಕೊಂಡು ಪಿಸ್ಟನ್ ಮೇಲೇರುತ್ತದೆ, ಬಿಸಿನೀರು ಪುಡಿಯ ಮೇಲಿಳಿಯುತ್ತದೆ. ಕೋಲನ್ನು ಬಿಟ್ಟರೆ ಸ್ಪ್ರಿಂಗ್ ಪಿಸ್ಟನ್ನನ್ನು ಕೆಳಗೊತ್ತುತ್ತದೆ. ಒತ್ತಡ ಎಂಟು ಹತ್ತು ಬಾರ್ ಮುಟ್ಟಿತು, ಅದಕ್ಕಾಗಿ ನೀರನ್ನು ಇನ್ನಷ್ಟು ಕಾಯಿಸಬೇಕಾಗಲಿಲ್ಲ. ಹುರಿದ ಬೀಜದೊಳಗಿನ ಅನಿಲವೂ ಎಣ್ಣೆಯೂ ಬೆರೆತು ನೊರೆಯೆದ್ದಿತು. ಬಟ್ಟಲಲ್ಲಿ ತೇಲುವ ಈ ಕೊಳೆ ಏನೆಂದು ಮೊದಮೊದಲು ಗಿರಾಕಿಗಳು ಮೂಗು ಮುರಿದರಂತೆ. ಗಾಜಿಯಾ ಅದನ್ನೇ ಕಾಫಿಯ ಕೆನೆ ಎಂದು ಸಾರಿ ಮಾರಿದ. ವ್ಯಾಪಾರದ ಜಾಣತನವೆಂದರೆ ಇದು. ಈ ಕೆನೆ ದಪ್ಪಗೆ ನಿಲ್ಲಲೆಂದು ಇಟಲಿಯವರು ತಮ್ಮ ಮಿಶ್ರಣಕ್ಕೆ ರೊಬಸ್ಟಾ ಸೇರಿಸುವುದುಂಟು. ಕೊಡಗು, ಚಿಕ್ಕಮಗಳೂರು ಕಡೆಯ ಬೀಜಕ್ಕೆ ಆ ದೇಶ ದೊಡ್ಡ ಗಿರಾಕಿಯಾಗಿರುವುದು ಸುಮ್ಮನೆ ಅಲ್ಲ.

1961ರಲ್ಲಿ ಎರಡು ಸಂಗತಿಗಳು ನಡೆದವು. ಫಾಯೆಮಾ ಕಂಪನಿಯ ಇ-61 ಯಂತ್ರದಲ್ಲಿ ತೋಳಿನ ಕೆಲಸವನ್ನು ವಿದ್ಯುತ್ ಪಂಪು ವಹಿಸಿಕೊಂಡಿತು. ಆ ವರ್ಷದ ಸೂರ್ಯಗ್ರಹಣದಿಂದ ಅದಕ್ಕೆ ಆ ಹೆಸರು. ಅಂಗಡಿಗಳಿಂದ ಸನ್ನೆಕೋಲು ಮೆಲ್ಲಗೆ ಹಿಂದೆ ಸರಿಯಿತು. ನೇಪಲ್ಸಿನವರು ಮಾತ್ರ ಅದನ್ನು ಬಿಟ್ಟುಕೊಡಲಿಲ್ಲ. ಅದೇ ವರ್ಷ ಲಾ ಪವೋನಿ ಕಂಪನಿ 'ಯೂರೊಪಿಕ್ಕೊಲಾ' ಎಂಬ ಪುಟ್ಟ ಯಂತ್ರ ಹೊರತಂದು ಸನ್ನೆಕೋಲನ್ನು ಅಡುಗೆಮನೆಗೆ ತಂದಿತು. ಇದರಲ್ಲಿ ಪಂಪೂ ಇಲ್ಲ, ಸ್ಪ್ರಿಂಗೂ ಇಲ್ಲ. ಒತ್ತಡವೆಲ್ಲ ಕುಡಿಯುವವನ ರಟ್ಟೆಯದು. 1973ರ 'ಲಿವ್ ಅಂಡ್ ಲೆಟ್ ಡೈ' ಚಿತ್ರದಲ್ಲಿ ಜೇಮ್ಸ್ ಬಾಂಡ್ ತನ್ನ ಮೇಲಧಿಕಾರಿಗೆ ಕಾಫಿ ಮಾಡಿಕೊಡುವುದು ಇಂಥದರಲ್ಲೇ. ಅಷ್ಟೆಲ್ಲ ಸದ್ದು ಮಾಡಿ ಇಷ್ಟೇನಾ ಎಂಬಂತೆ ಆ ಅಧಿಕಾರಿ ನೋಡುತ್ತಾನೆ.

ಈ ಯಂತ್ರದ ಗುಣದೋಷಗಳೆಲ್ಲ ಕೈಗೆ ಗೊತ್ತಾಗುತ್ತವೆ. ಕೋಲು ಸಲೀಸಾಗಿ ಇಳಿದುಬಿಟ್ಟರೆ ಪುಡಿ ತರಿಯಾಗಿದೆ, ಇಲ್ಲವೇ ಪಿಸ್ಟನ್ನಿನ ರಬ್ಬರ್ ಬಳೆ ಸವೆದಿದೆ. ಇಳಿಯುವುದೇ ಇಲ್ಲವೆಂದರೆ ಪುಡಿ ತೀರ ನಯ. ಆಗ ಮೈಭಾರ ಹಾಕಿ ಅದುಮುವುದೂ ತಪ್ಪು, ಒತ್ತಡ ಇಳಿಯುವ ಮೊದಲೇ ಪುಡಿಯ ಬಟ್ಟಲನ್ನು ತಿರುಗಿಸಿ ತೆಗೆಯುವುದು ಇನ್ನೂ ದೊಡ್ಡ ತಪ್ಪು. ಕುದಿವ ಗಸಿ ಮುಖಕ್ಕೆ ಹಾರುತ್ತದೆ. ಬಟ್ಟಲಿನ ಅಂಚಿನಿಂದ ನೀರು ಸೋರಿದರೆ ಗ್ಯಾಸ್ಕೆಟ್ ಗಟ್ಟಿಯಾಗಿದೆ ಎಂದರ್ಥ, ನಮ್ಮ ಪ್ರೆಷರ್ ಕುಕ್ಕರಿನಲ್ಲಿ ಆಗುವ ಹಾಗೆಯೇ.

ನೀರು ಕಾಯುವಾಗ ಒಳಗಿನ ಗಾಳಿ ಸುಳ್ಳು ಒತ್ತಡ ತೋರಿಸುತ್ತದೆ. ಹಬೆಯ ನಲ್ಲಿಯನ್ನು ಕ್ಷಣಕಾಲ ತೆರೆದು ಆ ಗಾಳಿಯನ್ನು ಹೊರಬಿಡಬೇಕು. ಬಾಯ್ಲರ್ ಹಿಡಿಯುವುದು 800 ಮಿಲಿಲೀಟರ್ ಮಾತ್ರ, ಬಿಸಿ ಇರುವಾಗ ಮುಚ್ಚಳ ತೆರೆಯುವಂತಿಲ್ಲ. ಆದ್ದರಿಂದ ಪಕ್ಕದ ಗಾಜಿನ ಕೊಳವೆಯಲ್ಲಿ ನೀರಿನ ಮಟ್ಟ ನೋಡುತ್ತಿರಬೇಕು. ನೀರು ಬತ್ತಿದರೆ ಕಾಯಿಸುವ ಸುರುಳಿ ಸುಟ್ಟೀತು. ಗಡಸು ನೀರಿನ ಊರುಗಳಲ್ಲಿ ಒಳಗೆ ಬಿಳಿ ಪೊರೆ ಕಟ್ಟುತ್ತದೆ, ಅದನ್ನು ಸಿಟ್ರಿಕ್ ಆಮ್ಲ ಬೆರೆಸಿದ ನೀರಿನಿಂದ ಕರಗಿಸಿ ಚೆನ್ನಾಗಿ ತೊಳೆಯುತ್ತಾರೆ.

ಎರಡು ಮೂರು ಬಟ್ಟಲಾದ ಮೇಲೆ ಇನ್ನೊಂದು ತೊಂದರೆ ಕಾಣಿಸಿಕೊಳ್ಳುತ್ತದೆ. ಪಿಸ್ಟನ್ನಿನ ಲೋಹದ ಗೂಡು ಬಾಯ್ಲರಿಗೇ ಅಂಟಿಕೊಂಡಿರುವುದರಿಂದ ತಾನೂ ವಿಪರೀತ ಕಾಯುತ್ತದೆ, ಕಾಫಿ ಸುಟ್ಟು ಕಹಿಯಾಗುತ್ತದೆ. ಗಾಜಿಯಾ ನೀಗಿಸಿದ ಬೆಜ್ಜೆರಾ ಕಾಲದ ದೋಷ ಅಡುಗೆಮನೆಯಲ್ಲಿ ಮತ್ತೆ ತಲೆಯೆತ್ತುವುದು ಹೀಗೆ! ಆರಿಸಿ ಸ್ವಲ್ಪ ಹೊತ್ತು ಬಿಡುವುದು, ಇಲ್ಲವೇ ಗೂಡಿಗೆ ಒದ್ದೆ ಬಟ್ಟೆ ಸುತ್ತುವುದು ಇದಕ್ಕೆ ಮದ್ದು.

ರಬ್ಬರ್ ಬಳೆಗಳಿಗೆ ಆಹಾರಕ್ಕೆ ಹೊಂದುವ ಸಿಲಿಕೋನ್ ಗ್ರೀಸನ್ನೇ ಸವರಬೇಕು. ಪೆಟ್ರೋಲಿಯಂ ಗ್ರೀಸು ರಬ್ಬರನ್ನು ಕೆಡಿಸುತ್ತದೆ. ಪಿಸ್ಟನ್ನಿಗೆ ಬಳೆಗಳು ಎರಡು. ಮೇಲಿನದರ ತುಟಿ ಮೇಲಕ್ಕೆ, ಕೆಳಗಿನದರದು ಕೆಳಕ್ಕೆ ಮುಖ ಮಾಡಿರಬೇಕು, ತಿರುಗಾಮುರುಗಾ ಹಾಕಿದರೆ ಒತ್ತಡ ನಿಲ್ಲದು. 2000ದ ಸುಮಾರಿಗೆ ಕಂಪನಿ ಆ ಗೂಡಿನ ರಚನೆ ಬದಲಿಸಿದ್ದರಿಂದ ಹಳೆಯ ಯಂತ್ರದ ಬಳೆ ಹೊಸದಕ್ಕೆ ಕೂರುವುದಿಲ್ಲ. ಬಿಡಿಭಾಗ ತರಿಸುವವರು ಮೊದಲು ತಮ್ಮ ಯಂತ್ರ ಯಾವ ಕಾಲದ್ದೆಂದು ತಿಳಿದಿರಬೇಕಾಗುತ್ತದೆ.